ಚೌರಪ್ಪನವರ ಉಂಗುರ

ಶ್ರೀರಾಮಪುರದ ಹಿಟ್ಟಿನ ಗಿರಣಿಯ ಮೇಲೆ ನನ್ನ ಕೋಣೆ.
ಕೆಳಗೆ ರಾಗಿ ನುರಿಯುವ ಹೊತ್ತು
ಇಲ್ಲಿ ಮೇಜು, ಲೋಟ, ಹೆಡ್‌ಫೋನು, ನನ್ನ ದವಡೆಹಲ್ಲು
ಎಲ್ಲವೂ ಒಂದೇ ಶ್ರುತಿ.
ಬರುವವರಿಗೆ ಮೊದಲೇ ಹೇಳಿರುತ್ತೇನೆ,
ಕರೆಂಟು ಹೋದಾಗ ಬನ್ನಿ:
ಗಿರಣಿಗೆ ಬ್ಯಾಟರಿ ಇಲ್ಲ, ನನಗಿದೆ.

ಜಸಿಂತಾ ಬಂದದ್ದು ಗಿರಣಿ ಭರ್ತಿ ಓಡುವಾಗಲೇ.
ಕರ್ಚೀಫಿನಿಂದ ಬಿಚ್ಚಿದಳು ಒಂದು ಕ್ಯಾಸೆಟ್ಟು,
ಮೇಲೆ ನೀಲಿ ಇಂಕಿನಲ್ಲಿ ಎರಡೇ ಅಕ್ಷರ: ಅದು.
ಹಾಡಿಗೆ ಬೇರೆ ಹೆಸರಿಲ್ಲವಂತೆ.
'ಅದನ್ನ ಹೊಡೀರೋ' ಎಂದರೆ ಸಾಕಿತ್ತಂತೆ,
ಹದಿನಾಲ್ಕು ಜನರ ಬ್ಯಾಂಡಿಗೆ.

"ಈಗ ಹುಡುಗರು ಮೂವರು ಸಾರ್, ಕೀಬೋರ್ಡು ಬಾಡಿಗೆದು.
ಕೇಳಿ ಕಲಿಯೋ ವ್ಯವಧಾನ ಅವರಿಗಿಲ್ಲ,
ಊದಿ ತೋರಿಸೋ ಉಸಿರು ಯಾರಿಗೂ ಉಳಿದಿಲ್ಲ.
ನೀವು ಒಂದೊಂದು ಸ್ವರಾನೂ ಬಿಡಿಸಿ ಕೊಡ್ತೀರಂತಲ್ಲ,
ಅವರೆಕಾಯಿ ಸುಲಿದ ಹಾಗೆ."

ಸುಲಿಯುವುದು ಯಂತ್ರದ ಕೆಲಸ.
ಹಿದುಕುವುದು ನನ್ನದು.

ಹನ್ನೊಂದು ಸೆಕೆಂಡು ಯೋಚಿಸಿತು ಯಂತ್ರ.
ನಾಲ್ಕು ನಿಮಿಷದ ಉಸಿರು
ಪರದೆಯ ಮೇಲೆ ಹಸಿರು ಇಟ್ಟಿಗೆಗಳಾಗಿ ಬಿತ್ತು.
ಏರಿದರೆ ಮೇಲಿನ ಸಾಲು, ಇಳಿದರೆ ಕೆಳಗಿನದು.
ಜಾರಿದರೆ?
ಚೌರಪ್ಪನವರ ಕ್ಲಾರಿನೆಟ್ಟು ಗಾಂಧಾರಕ್ಕೆ ನೆಟ್ಟಗೆ ಹೋಗುವುದೇ ಇಲ್ಲ.
ಕಾಟನ್‌ಪೇಟೆಯ ಗಲ್ಲಿಯಲ್ಲಿ ಸೈಕಲ್ಲು ತಳ್ಳಿಕೊಂಡು
ಪರಿಚಯದ ಬಾಗಿಲಲ್ಲೆಲ್ಲ ನಿಂತು, ಮಾತಾಡಿಸಿ,
ಆಮೇಲೆ ಹೋಗುತ್ತದೆ.
ಯಂತ್ರ ಅದಕ್ಕೆ ಏಳು ಮೆಟ್ಟಿಲು ಕಟ್ಟಿತ್ತು.
ಮೆಟ್ಟಿಲು ಕೆಡವಿ ಇಳಿಜಾರು ಮಾಡುತ್ತ ಕೂತೆ.

ಅದಕ್ಕೆ ಭೇದವಿಲ್ಲ, ಬೀದಿಯದೆಲ್ಲ ಸ್ವರವೇ.
ಆಟೋ ಹಾರ್ನು ಒಂದು ಪಂಚಮ,
ಯಾವುದೋ ಮನೆಯ ಕುಕ್ಕರು ತಾರಸ್ಥಾಯಿಯ ರಿಷಭ,
ಹೆಂಗಸೊಬ್ಬಳು ಮಗುವಿಗೆ ಬೈದದ್ದು ಮೂರು ಪುಟ್ಟ ಇಟ್ಟಿಗೆ.
ವೈರಿನಲ್ಲಿ ಹತ್ತಿ ಬಂದ ನನ್ನ ಗಿರಣಿಯೂ
ಅಡಿಯಲ್ಲಿ ಉದ್ದಕ್ಕೂ ಮಲಗಿತ್ತು.
ಎಲ್ಲ ಅಳಿಸಿದೆ.
ಬೈದದ್ದನ್ನು ಅಳಿಸುವಾಗ ಮಾತ್ರ ಒಮ್ಮೆ ಹಿಂದಕ್ಕೆ ಹೋಗಿ ಕೇಳಿದೆ.

ಅಲ್ಲಲ್ಲಿ ಒಂದು ಚಕ್ಕೆ ಉಳಿದಿತ್ತು.
ಟಿಕ್.
ಸ್ವಲ್ಪ ದೂರ ಬಿಟ್ಟು, ಟಿಕ್ ಟಿಕ್.
ಅಳಿಸಲು ಬೆರಳು ಹೋಯಿತು, ಅವಳು ಮಣಿಕಟ್ಟು ಹಿಡಿದಳು.

"ತಾತನ ಉಂಗುರ ಸಾರ್.
ಮೂಲೆ ಬಂದಾಗ ಕೊಳವೆಗೆ ಕುಟ್ತಿದ್ರು.
ಒಂದಾದರೆ ಎಡಕ್ಕೆ, ಎರಡಾದರೆ ಬಲಕ್ಕೆ.
ಡ್ರಮ್ಮಿನವನಿಗೆ ದಾರಿ ಕಾಣ್ತಿರಲಿಲ್ಲ,
ಹೊಟ್ಟೆ ಮೇಲೆ ಡ್ರಮ್ಮು."

ಮತ್ತೆ ಹಾಕಿದೆ.
ಅವಳು ಕುರ್ಚಿಯಲ್ಲೇ ಕಣ್ಣು ಮುಚ್ಚಿ ನಡೆದಳು.
ಟಿಕ್. ಊದುಬತ್ತಿ ಗೋಡೌನು.
ಟಿಕ್ ಟಿಕ್. ಕಡ್ಲೆಪುರಿ ಭಟ್ಟಿ.
ಟಿಕ್. ಇಸ್ತ್ರಿ ಅಂಗಡಿ.
ಟಿಕ್.
ಅಲ್ಲಿ ನಿಂತುಬಿಟ್ಟಳು.

"ಇದು ಮದುವೆದಲ್ಲ.
ಮದುವೆಗಾದರೆ ಇಲ್ಲಿ ಎರಡು ಕುಟ್ಟಬೇಕಿತ್ತು,
ಇಗರ್ಜಿ ಬಲಕ್ಕೆ.
ಎಡಕ್ಕೆ ಹೋದರೆ ಮೈಸೂರು ರಸ್ತೆ, ಸಮಾಧಿ."

ಯಾರದು ಎಂದು ನಾನು ಕೇಳಲಿಲ್ಲ.
ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ.
ಕೆಳಗೆ ಯಾರೋ ಡಬ್ಬಿ ತಟ್ಟಿ ಹಿಟ್ಟು ಕುಗ್ಗಿಸುತ್ತಿದ್ದರು.

"ಮದುವೆಗೂ ಇದೇ ಹಾಡಾ?"
"ಇದೇ. ಬೇಗ ಹೊಡೆದರೆ ಮದುವೆ.
ಮುಂದೆ ಯಾರು ಹೋಗ್ತಿದಾರೆ ನೋಡ್ಕೊಂಡು."

ಕೊನೆಗೆ ಒಂದು ಖಾನೆ: ನಿಮಿಷಕ್ಕೆ ಎಷ್ಟು ಬೀಟು?
ಯಂತ್ರ ಅರವತ್ತೆಂಟು ಎಂದು ಊಹಿಸಿತ್ತು, ಅಳಿಸಿದೆ.
ಖಾಲಿ ಬಿಟ್ಟರೆ ಅದು ಒಪ್ಪುವುದಿಲ್ಲ,
ತಾನಾಗಿ ನೂರಿಪ್ಪತ್ತು ತುಂಬಿಕೊಳ್ಳುತ್ತದೆ.
ತುಂಬಿಕೊಳ್ಳಲಿ ಎಂದು ಬಿಟ್ಟು
ಫೈಲಿಗೆ 'ಅದು' ಎಂದು ಹೆಸರಿಟ್ಟೆ.
ಹದಿನೇಳು ಕೆಬಿ. ಅವರ ಫೋಟೋ ಇದಕ್ಕಿಂತ ಭಾರ.

ಒತ್ತಿದೆ.
ಅವೇ ಇಟ್ಟಿಗೆ, ಅದೇ ಜಾರು, ಅವೇ ಮೂಲೆಗಳು,
ಊದುಬತ್ತಿ, ಕಡ್ಲೆಪುರಿ, ಇಸ್ತ್ರಿ,
ಚೌರಪ್ಪನವರು ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟರು.

ಜಸಿಂತಾ ಬಾಯಿಗೆ ಕರ್ಚೀಫು ಒತ್ತಿ ನಕ್ಕಳು:
"ನಿಧಾನ ತಾತ,
ಡ್ರಮ್ಮಿನವನು ಹಿಂದೆ ಉಳಿದ."