ಮೂರು ಕಿಲೋಮೀಟರ್ ಬಾಕಿ

ಮೂವತ್ನಾಲ್ಕನೇ ದಿನ. ಕೂಟುಪುಳೆ ಸೇತುವೆ ದಾಟಿದ ಮೇಲೆ
ಬೋರ್ಡಿನಲ್ಲಿ ಕನ್ನಡ ಕಂಡಿತು.
ಅಳು ಬರಬಹುದೆಂದು ಕನ್ಯಾಕುಮಾರಿಯಿಂದಲೇ ಎತ್ತಿಟ್ಟುಕೊಂಡಿದ್ದೆ.
ಬಂದದ್ದು ಎಡಗಾಲಿನ ಕಿರುಬೆರಳಿನ ಉಗುರು,
ಕಾಲುಚೀಲದ ಜೊತೆಗೇ, ಸದ್ದಿಲ್ಲದೆ.

ಮೂವತ್ತೊಂದು ವರ್ಷ ಹಿರಿಯೂರು ಡಿಪೋದ ಕಂಡಕ್ಟರ್ ನಾನು.
ಭೂಮಿಯನ್ನು ಎಷ್ಟು ಸುತ್ತು ಸುತ್ತಿದ್ದೇನೋ, ನಿಂತುಕೊಂಡೇ,
ಹೆಜ್ಜೆ ಇಟ್ಟದ್ದು ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ.
ಕಾಶ್ಮೀರದ ತನಕ ನಡೆಯುತ್ತೇನೆ ಎಂದಾಗ
ಡಿಪೋದವರು ನಕ್ಕರು, ಹಾರ ಹಾಕಿದರು,
ಒಂದು ಖಾಲಿ ವೇಬಿಲ್ ಪುಸ್ತಕ ಕೊಟ್ಟರು.
ಅದರಲ್ಲೇ ದಿನದ ಲೆಕ್ಕ: ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ.

ಮಾಕುಟ್ಟದ ಘಾಟಿ ನಕ್ಷೆಯಲ್ಲಿ ಬೆರಳಿನ ಒಂದು ಗೆಣ್ಣು.
ಕಾಲಿಗೆ ನಕ್ಷೆ ಓದಲು ಬರುವುದಿಲ್ಲ.
ನಮ್ಮ ಕಡೆ ಅಟ್ಟೆ ಅಂದರೆ ಜೋಡಿನ ತಳ,
ಇರಿಟ್ಟಿಯವರ ಬಾಯಲ್ಲಿ ಅಟ್ಟ ಅಂದರೆ ಜಿಗಣೆ.
ಒಂದೇ ತಿರುವಿನಲ್ಲಿ ಎರಡೂ ಸಿಕ್ಕವು:
ಒಂದು ಬಿಡತೊಡಗಿತು, ಒಂದು ಬಿಡಲೇ ಇಲ್ಲ.
ಗಾಯಕ್ಕೆಂದು ತಂದ ಬಟ್ಟೆಯಿಂದ ಜೋಡು ಕಟ್ಟಿದೆ.
ಉಪ್ಪು ಮುಗಿದಿತ್ತು. ಬೆಳಗಿನ ಎರಡು ಬಾಳೆಹಣ್ಣು
ಯಾವ ಸ್ಟೇಜಿನಲ್ಲೋ ಇಳಿದುಹೋಗಿದ್ದವು.

ಆಗ ಬಂತು ವಿರಾಜಪೇಟೆ ಬಸ್ಸು.
ಆಣೆ ಮಾಡಿ ಹೇಳುತ್ತೇನೆ, ನಾನು ಎತ್ತಲಿಲ್ಲ,
ಕೈ ತಾನೇ ಎದ್ದಿತು.
ಏರಿನಲ್ಲಿ ಬ್ರೇಕು ಹಾಕಿ ನಿಲ್ಲಿಸಿದರು, ಬಾಗಿಲು ತೆರೆಯಿತು,
ಒಳಗಿಂದ ಬಿಸಿ ಡೀಸೆಲಿನ, ಒದ್ದೆ ಛತ್ರಿಯ, ಯಾರದೋ ಮಲ್ಲಿಗೆಯ ವಾಸನೆ.
ನನ್ನ ಮನೆಯ ವಾಸನೆ.
‘ಇಲ್ಲ, ಸುಮ್ನೆ’ ಎಂದೆ.
ಆ ಹುಡುಗ ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ.
ಅದಕ್ಕಿಂತ ಚೆನ್ನಾಗಿ ನಾನು ಬೈದಿದ್ದೇನೆ.

ಆಮೇಲಿನ ಐದು ಕಿಲೋಮೀಟರ್ ನೆನಪಿಲ್ಲ.
ಬಿದಿರು ಲಟಕ್ಕೆಂದದ್ದು ನೆನಪಿದೆ.
ಸಂಜೆಯಾಗಿತ್ತು. ಅರಣ್ಯ ಇಲಾಖೆಯ ಜೀಪು,
ಚಿಟ್ಟಿಯಪ್ಪ ಎಂಬ ಡ್ರೈವರು, ದೀಪ ಆರಿಸಿಕೊಂಡು.
‘ಮರಿ ಇದೆ. ಹತ್ತಿ.’
ನಾನು ನಡೆದೇ ಹೋಗುವವನು ಎಂದೆ.
ವಾಚರ್ ಚುಂಡ ಕಾಲರ್ ಹಿಡಿದು ಒಳಗೆಳೆದ,
ಲಗೇಜನ್ನು ಎಳೆಯುವ ಹಾಗೆ.
ಬಲಗಾಲಿನ ಅಟ್ಟೆ ರಸ್ತೆಯಲ್ಲೇ ಉಳಿಯಿತು.

ಮೂರು ಕಿಲೋಮೀಟರ್.
ಹಿಂದೆ ತಿರುಗಿ ಕೂತು ನೋಡಿದೆ,
ನಾನಿಲ್ಲದೆ ರಸ್ತೆ ತನ್ನ ಪಾಡಿಗೆ ಹೋಗುತ್ತಿತ್ತು.
ಟಿಕೆಟ್ ಇಲ್ಲದೆ ಪ್ರಯಾಣಿಸಿದವರನ್ನು
ಎಷ್ಟು ಜನರನ್ನು ನಡುದಾರಿಯಲ್ಲಿ ಇಳಿಸಿದ್ದೇನೆ.
ಒಬ್ಬಳು ಹೆಂಗಸು, ಐಮಂಗಲದ ಹತ್ತಿರ, ಮಗು ಎತ್ತಿಕೊಂಡು—
ಇರಲಿ.

ಪೆರುಂಬಾಡಿ ಚೆಕ್‌ಪೋಸ್ಟಿನ ಹಿಂದೆ ಚುಂಡನ ಕೋಣೆ.
ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಳಿಸೆಂದ,
ಬೆಲ್ಲದ ಕಾಪಿ ಕೊಟ್ಟ, ಲೋಟದಲ್ಲಿ ಇರುವೆ ಸಮೇತ.
ನಾನು ವೇಬಿಲ್ ತೆರೆದು ಪೆನ್ನು ಹಿಡಿದು ಕೂತೆ.
‘ದೇಶದ ಮಧ್ಯ ಮೂರು ಕಿಲೋಮೀಟರ್ ತೂತು ಬಿತ್ತಲ್ಲ’ ಎಂದೆ.
‘ಯಾರು ಬಂದು ನೋಡ್ತಾರೆ?’
ಚೆಕಿಂಗ್‌ನವರು ಬರುತ್ತಾರಪ್ಪಾ, ಯಾವಾಗಲೂ,
ನೀನು ನಿದ್ದೆ ಮಾಡಿದ ದಿನವೇ.

ಅವನು ಯೋಚಿಸಿದ, ಬೀಡಿ ಮುಗಿಯುವವರೆಗೆ.
‘ಬೆಳಿಗ್ಗೆ ಲದ್ದಿ ನೋಡೋಕೆ ಅಲ್ಲೀತನಕ ಹೋಗ್ಬೇಕು.
ಇಳಿಯೋದು ಸರ್ಕಾರದ ಲೆಕ್ಕ,
ಹತ್ತಿ ಬರೋದು ನಿಮ್ಮ ಲೆಕ್ಕಕ್ಕೆ ಹಾಕ್ಕೊಳ್ಳಿ.’
ಪಾಸು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ.
ಪ್ರತಿ ಪಾಸಿನ ಹಿಂದೆ ಅಚ್ಚಾಗಿರುತ್ತದೆ, ನನಗೆ ಬಾಯಿಪಾಠ.
ಹೇಳಲು ಬಾಯಿ ತೆರೆದೆ. ನಿದ್ದೆ ಬಂತು.

ಕತ್ತಲಲ್ಲೇ ಅವನ ಗಂಬೂಟು ಸದ್ದು ಇಳಿದು ಹೋಯಿತು.
ಎಂಟು ಗಂಟೆಗೆ ಬಂದ, ಮೊಣಕಾಲಿನವರೆಗೆ ಒದ್ದೆ,
ನನ್ನ ಅಟ್ಟೆಯನ್ನು ಮೇಜಿನ ಮೇಲಿಟ್ಟ.
‘ಸುತ್ತ ಹೆಜ್ಜೆ ಇತ್ತು, ಮರೀದು, ತಾಯೀದು.
ಇದನ್ನ ತುಳಿದಿಲ್ಲ ನೋಡಿ, ಬಳಸಿಕೊಂಡು ಹೋಗಿವೆ.’

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ
ಬಾಕಿ ಬರೆದುಕೊಡುತ್ತಿದ್ದೆ, ಇಳಿಯುವಾಗ ಕೇಳಿ ಎಂದು.
ಅರ್ಧ ಜನ ಮರೆತು ಇಳಿಯುತ್ತಿದ್ದರು.
ಇವತ್ತು ಪುಸ್ತಕದಲ್ಲಿ ಬರೆದೆ:
ಮೂರು ಕಿಲೋಮೀಟರ್, ಚುಂಡ.
ಅಟ್ಟೆಗೆ ಅಂಟು ಸಿಗಬಹುದು ಪೇಟೆಯಲ್ಲಿ.
ಎದ್ದು ನಿಂತೆ. ರೈಟ್, ಎಂದೆ,
ಯಾರಿಗೋ.