ನಡುಮನೆಯ ನಾಲ್ಕನೇ ಗೋಡೆ

ನಮ್ಮ ನಡುಮನೆಗೆ ಗೋಡೆ ಮೂರೇ.
ನಾಲ್ಕನೆಯದು ಬಂಡೆ.
ಚೇಳುಗುಡ್ಡದಲ್ಲಿ ಮನೆ ಕಟ್ಟುವಾಗ ಮಾವ
ಇಟ್ಟಿಗೆ ಉಳಿಯಿತಲ್ಲ ಎಂದು ಹಿಗ್ಗಿ
ಸೂರನ್ನು ಅದರ ಹೆಗಲಿಗೇ ಒರಗಿಸಿದರಂತೆ.

ಈ ಸಲ ಚೀಟಿ ಎತ್ತಿದೆ. ಕೈಗೆ ಬಂದದ್ದು
ಹದಿನೆಂಟು ಸಾವಿರದ ಚಿಲ್ಲರೆ.
ಗ್ಯಾಸ್ ಬುಕ್ಕಿನ ಹಿಂದೆ ಬರೆದಿಟ್ಟೆ:
ಬಣ್ಣ. ಪರದೆ. ಟೀವಿಗೊಂದು ಹಲಗೆ.
ಆಮೇಲೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ,
ಬಂಡೆಗೆ ಏನಾದರೂ.

ಏನಾದರೂ ಅಂದರೆ ಏನು?
ಸಿಂಧುಗೆ ಅದರ ಮೇಲೆ ನವಿಲು ಬೇಕು.
ಇವರಿಗೆ ಅದು ಕಾಣದಿದ್ದರೆ ಸಾಕು.
ಡಿಪೋದ ಗೆಳೆಯರು ಬಂದಾಗಲೆಲ್ಲ
'ಏನ್ ಓಬಳೇಶ, ಕೋಟೆನೇ ಒಳಗೆ ತಂದಿದೀಯ'
ಎಂದು ನಗುತ್ತಾರಂತೆ.
ಅತ್ತೆಗೆ ಏನೂ ಬೇಡ.
ಅತ್ತೆಗೆ ಯಾವತ್ತೂ ಏನೂ ಬೇಡ, ಅದೇ ಕಷ್ಟ.

ಲಕ್ಷ್ಮೀ ಬಜಾರಿನ ಅಂಗಡಿ ಹುಡುಗ
ಸುರುಳಿ ಮೇಲೆ ಸುರುಳಿ ಬಿಚ್ಚಿದ.
ಕೊನೆಗೆ ಒಂದನ್ನು ತೋಳಿನ ಮೇಲೆ ಮಲಗಿಸಿ,
'ಇದು ಹೊಸಾದು ಮೇಡಂ, ಕಲ್ಲಿನ ಡಿಸೈನು.
ಅಂಟಿಸಿದರೆ ಆಯ್ತು, ಥೇಟ್ ಬಂಡೆ.
ಚದರ ಅಡಿಗೆ ನೂರಾ ಹತ್ತು.'
ನಾನು ಇವರ ಮುಖ ನೋಡಿದೆ.
ಇವರು ನಿಜಕ್ಕೂ ಲೆಕ್ಕ ಹಾಕುತ್ತಿದ್ದರು.

ಬಂಡೆಯ ಮೇಲೆ ಬಂಡೆಯ ಚಿತ್ರ!
ಆಟೋ ಸಂತೆಪೇಟೆ ದಾಟುವವರೆಗೂ ನಕ್ಕೆ.
ಇವರು ನಗಲಿಲ್ಲ. 'ಸಮ ಇರ್ತಿತ್ತು,' ಅಂದರು,
'ನಮ್ಮದು ಗುಂಡುಗುಂಡು.'

ಸೋಮವಾರ ಪೇಂಟರ್ ಜಬೀವುಲ್ಲಾ ಬಂದರು.
ಮೂರು ಗೋಡೆಗೆ ಒಂದೂವರೆ ದಿನ.
ಡಬ್ಬಿಯ ಮೇಲೆ ಏನೋ ಇಂಗ್ಲಿಷು ಹೆಸರು,
ನನ್ನ ಲೆಕ್ಕದಲ್ಲಿ ಅದು
ಅಂಬಲಿಗೆ ಮಜ್ಜಿಗೆ ಬೆರೆಸಿದ ಬಣ್ಣ.
ಆಮೇಲೆ ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು,
ಬೀಡಿ ಹಚ್ಚದೆ ಬರೀ ತುಟಿಯಲ್ಲಿಟ್ಟು,
ತಂತಿ ಬ್ರಷ್ಷಿನಲ್ಲಿ ಉಜ್ಜತೊಡಗಿದರು.

ಉದುರಿದ್ದು ನನ್ನ ಮದುವೆಯ ವರ್ಷದ ಗುಲಾಬಿ.
ಅದರಡಿ ನೀಲಿ ಬೆರೆತ ಸುಣ್ಣ.
ಅದರಡಿ ಹಸಿರು, ಅದು ಯಾರ ಕಾಲದ್ದೋ.
'ನಾಗಿ ಹುಟ್ಟಿದಾಗಿನದು,' ಎಂದರು ಅತ್ತೆ
ಅಡುಗೆಮನೆಯಿಂದಲೇ.
ನಾಗಿ ಯಾರೆಂದು ಈ ಹದಿನಾಲ್ಕು ವರ್ಷದಲ್ಲಿ
ನನಗೆ ಯಾರೂ ಹೇಳಿರಲಿಲ್ಲ.
ಕೇಳುವಷ್ಟರಲ್ಲಿ ಒಗ್ಗರಣೆ ಸಿಡಿಯಿತು.

ನೆಲದಿಂದ ಎರಡು ಗೇಣು ಮೇಲೆ
ಮೊರದಗಲ ಒಂದು ಕಲೆ, ಕಪ್ಪಗೆ ಮಿರುಗುತ್ತ.
ಪ್ರೈಮರ್ ಹಚ್ಚಿದರೆ
ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರುತ್ತದೆ.
ಜಬೀವುಲ್ಲಾ ಬೆರಳಲ್ಲಿ ಸವರಿ ಮೂಸಿದರು.
'ಹರಳೆಣ್ಣೆ ಅಕ್ಕ. ತಲೆ, ಬೆನ್ನು,
ಎಷ್ಟು ಜನ ಒರಗಿದಾರೋ.
ಇಲ್ಲಿ ಬಣ್ಣ ಕೂರಲ್ಲ,
ದುಡ್ಡು ತಗೊಂಡು ಸುಳ್ಳು ಹೇಳ್ಲಾ?'

ನವಿಲು ಕಾಲೂರುವ ಜಾಗವೇ ಅದು.
ಸಿಂಧು ಎರಡು ದಿನ ಮಾತು ಬಿಟ್ಟಳು.

ಬಂಡೆಯನ್ನು ತೊಳೆದು ಹಾಗೇ ಬಿಟ್ಟೆವು.
ಸೋಫಾ ಕಿಟಕಿಯ ಕಡೆ ಸರಿಯಿತು.
ಅದರ ಹಿಂದೆ ಚೌಕಾಬಾರದ ಕವಡೆ, ಎರಡು ಹೇರ್‌ಪಿನ್ನು,
ಕಳೆದವಳು ನೀನೇ ಎಂದು
ಇವರು ನನ್ನ ಮೇಲೆ ಹಾರಾಡಿದ್ದ ಪಾಸ್‌ಬುಕ್ಕು.
ಪರದೆಗೆ ಅಂಗಡಿಯ ಬಟ್ಟೆ ಕೊಳ್ಳಲಿಲ್ಲ,
ಸೆರಗು ಪಿಸಿದ ಸಾಸಿವೆ ಬಣ್ಣದ ಮೊಳಕಾಲ್ಮೂರು ಸೀರೆಯನ್ನೇ
ಎರಡು ಮಾಡಿ ಹೊಲಿದೆ.
ಮಧ್ಯಾಹ್ನದ ಬಿಸಿಲಿಗೆ ಅದರ ಅಂಚು
ನೆಲದ ಮೇಲೆ ಬಂದು ಮಲಗುತ್ತದೆ.

ಹೊಸ ಕವರಿನ ಸೋಫಾದಲ್ಲೀಗ
ಮಡಚಬೇಕಾದ ಬಟ್ಟೆ ಕೂರುತ್ತದೆ.
ನಾವೆಲ್ಲ ಕೆಳಗೆ, ಚಾಪೆಯಲ್ಲಿ,
ಬಂಡೆಗೆ ಬೆನ್ನು ಕೊಟ್ಟು ಟೀವಿ ನೋಡುತ್ತೇವೆ.
ಇವರೂ.
ಮಾಗಿಯ ಸಂಜೆ ಏಳಾದರೂ
ಆಚೆ ಬದಿಗೆ ಬಿದ್ದಿದ್ದ ಬಿಸಿಲು
ನಿಧಾನವಾಗಿ ಈಚೆ ಬರುತ್ತಲೇ ಇರುತ್ತದೆ.

ಏಳುನೂರ ನಲವತ್ತು ಉಳಿದಿತ್ತು.
ಒಂದು ಹಳದಿ ಬಲ್ಬು ತಂದು
ಮುಖ ಮೇಲೆ ಮಾಡಿ ಬಂಡೆಯ ಬುಡದಲ್ಲಿಟ್ಟೆ.
ಸ್ವಿಚ್ಚು ಒತ್ತಿದರೆ
ಅದರ ಗುಂಡುಗುಂಡೆಲ್ಲ ಒಮ್ಮೆಲೇ ಉಬ್ಬಿ ಬಂತು.
ಎಲೆಗೆ ಸುಣ್ಣ ಸವರುತ್ತಿದ್ದ ಅತ್ತೆ ತಲೆಯೆತ್ತಿ,
'ಅದಕ್ಯಾಕವ್ವ ದೀಪ?' ಎಂದರು,
'ಅದೇನು ಓದ್ತೈತಾ?'