ಉಲ್ಲೇಖ ಹನ್ನೊಂದು

ಕಾಲೇಜಿನ ವಜ್ರಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿನಿಗೊಂದು ಸನ್ಮಾನ.
ಪರಿಚಯಪತ್ರ ಬರೆಯುವ ಕೆಲಸ
ಭೌತಶಾಸ್ತ್ರದವನೆಂದು ನನ್ನ ತಲೆಗೆ ಬಿತ್ತು.
‘ಎರಡು ಪುಟ ಸಾಕು, ಅಂಕಿಅಂಶ ಇರಲಿ,’ ಎಂದರು ಪ್ರಾಂಶುಪಾಲರು,
‘ಅಂಕಿ ಓದಿದರೆ ಜನ ಚಪ್ಪಾಳೆ ತಟ್ಟುತ್ತಾರೆ.’

ವಿರಾಜಪೇಟೆಯ ಸ್ಟಾಫ್ ರೂಮಿನಲ್ಲಿ ಕೂತು ಹುಡುಕಿದೆ.
ಕಂಪ್ಯೂಟರಿಗೆ ನಮ್ಮ ಕಡೆಯ ಪದ್ಧತಿ ತಿಳಿಯದು:
ಇಲ್ಲಿ ಮನೆ ಮೊದಲು, ಆಮೇಲೆ ಮನುಷ್ಯ.
ಪೂವಳಂಡ ದೇಚಮ್ಮ ಅದರ ಲೆಕ್ಕದಲ್ಲಿ ಮೂವರು.
ಪಿ. ದೇಚಮ್ಮ, ಡಿ. ಪೂವಳಂಡ,
ಇನ್ನು ಬರೀ ಪೂವಳಂಡ,
ಎಂಬತ್ತೊಂಬತ್ತರಲ್ಲಿ ಒಂದೇ ಪ್ರಬಂಧ ಬರೆದು
ಕಾಣೆಯಾದವರು.
ಮೂವರನ್ನೂ ಕರೆತಂದು ಒಂದೇ ಬೆಂಚಿನಲ್ಲಿ ಕೂರಿಸಲು
ಎರಡು ಸಂಜೆ ಹಿಡಿಯಿತು.

ಪ್ರಬಂಧ ನಲವತ್ತಾರು.
ಉಲ್ಲೇಖ ಸಾವಿರದ ಇನ್ನೂರ ಮೂವತ್ತೊಂದು.
ಎಚ್-ಸೂಚ್ಯಂಕ ಹದಿನಾಲ್ಕು.
ಲೋಕವೆಲ್ಲ ಹೆಸರಿಸುವುದು ಎಲ್ಲೋ ದೂರದ ಗೆಲಾಕ್ಸಿಯ ಮೇಲಿನದನ್ನು;
ಅದಕ್ಕೆ ಎಂಬತ್ತೆಂಟು ಲೇಖಕರು, ಇವರು ಐವತ್ತಮೂರನೆಯವರು,
ತುಂಬಿದ ಬಸ್ಸಿನ ಮೆಟ್ಟಿಲಲ್ಲಿ ಒಂದೇ ಕಾಲಿಟ್ಟು ನಿಂತ ಹಾಗೆ.
ಒಬ್ಬರೇ ಬರೆದದ್ದು ನಾಲ್ಕು ಪುಟ:
‘ಚಳಿಯಲ್ಲಿಡುವ ಮಸೂರಕ್ಕೊಂದು ಹಿಡಿಕೆಯುಂಗುರ’.
ಉಲ್ಲೇಖ ಹನ್ನೊಂದು.
ಅದರಲ್ಲೂ ನಾಲ್ಕು ಅವರವೇ.
ಅದನ್ನು ಬಿಟ್ಟುಬಿಡೋಣ ಅಂದುಕೊಂಡೆ.

ಅಮ್ಮತ್ತಿಗೆ ಹೋದಾಗ ಜನವರಿಯ ಬಿಸಿಲು, ಕಣದ ತುಂಬ ರೊಬಸ್ಟಾ.
ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚಿ
‘ಇನ್ನೂ ಎರಡು ದಿನ’ ಎಂದು ಯಾರಿಗೋ ಕೂಗಿ ಹೇಳಿ
ಕೈ ಒರೆಸಿಕೊಂಡು ನನ್ನ ಕಾಗದ ತೆಗೆದುಕೊಂಡರು.
ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು.
‘ಕೂಡಿಸಿದ್ದು ತಪ್ಪು. ಇಪ್ಪತ್ತೊಂದಾಗಬೇಕು, ಮೂವತ್ತೊಂದಲ್ಲ.
ಹತ್ತು ಹೆಚ್ಚು ಕೊಟ್ಟಿದ್ದೀರಿ.’

ಅಷ್ಟು ಹೇಳಿದ ಮೇಲೆಯೇ ಉಂಗುರದ ಮಾತು.
ರೋಹಿತದರ್ಶಕದ ಮಸೂರ ದ್ರವ ಸಾರಜನಕದ ಚಳಿಗೆ
ಮೂರು ಸಲ ಬಿರಿದಿತ್ತಂತೆ.
ಲೋಹ ಬಹಳ ಕುಗ್ಗುತ್ತದೆ, ಗಾಜು ಕುಗ್ಗಲು ಒಪ್ಪುವುದಿಲ್ಲ;
ಅಪ್ಪಿದ್ದೇ ಹಿಚುಕಿದಂತಾಗುತ್ತದೆ.
ಆಗ ನೆನಪಾದದ್ದು ಐರಿ ಕುಟ್ಟಪ್ಪನ ಕುಲುಮೆ.
ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಊರ ಕೋವಿಗಳೆಲ್ಲ ಅಲ್ಲಿಗೇ.
ಅಪ್ಪನ ಕೋವಿ ಹೊತ್ತು ಬಂದ ಎಂಟನೇ ಕ್ಲಾಸಿನ ಹುಡುಗಿಗೆ
ಅವನು ನಳಿಗೆಯನ್ನು ಕಿಟಕಿಗೆ ಹಿಡಿದು ತೋರಿಸಿದ್ದ:
ಸರಳಿನ ನೆರಳು ಒಳಗೆ ನೆಟ್ಟಗಿದ್ದರೆ ನಳಿಗೆ ನೆಟ್ಟಗೆ.
ಮರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಗರಿಯಷ್ಟು ಸಂದು ಬಿಡುತ್ತಿದ್ದ.
‘ಕಬ್ಬಿಣಕ್ಕೂ ಮೈ ಮುರಿಯಲು ಜಾಗ ಬೇಡವೇ ಮಗಳೇ?’

‘ಉಂಗುರದೊಳಗೆ ಹನ್ನೆರಡು ತೆಳು ನಾಲಗೆ ಸೀಳಿ
ಅವನ ಸಂದನ್ನೇ ಬಿಟ್ಟೆ.
ಗಾಜು ಮತ್ತೆ ಬಿರಿಯಲಿಲ್ಲ.
ಕೃತಜ್ಞತೆಯಲ್ಲಿ ಅವನ ಹೆಸರು ಹಾಕಿದ್ದೆ.
ಯಾವ ಸಂಸ್ಥೆ ಎಂದು ಕೇಳಿ ಪತ್ರ ಬಂತು.
ಅಮ್ಮತ್ತಿ ಸಂತೆಯ ಪಕ್ಕ, ಎಂದು ಬರೆದೆ.
ಅಚ್ಚಾಗಿ ಬಂದಾಗ ಸಾಲೇ ಇರಲಿಲ್ಲ.’

ಈಗ ಆ ನಾಲ್ಕು ಪುಟ ಯಾರಿಗೂ ಬೇಕಿಲ್ಲ.
ಎಷ್ಟೋ ಬೆಟ್ಟಗಳ ಮೇಲೆ, ಎಷ್ಟೋ ದೂರದರ್ಶಕಗಳ ಹೊಟ್ಟೆಯಲ್ಲಿ ಅದೇ ಉಂಗುರ;
ಹೊಸ ಹುಡುಗರು ಬರೆಯುವುದು ಇಷ್ಟೇ:
‘ಮಸೂರವನ್ನು ವಾಡಿಕೆಯಂತೆ ಕೂರಿಸಲಾಯಿತು.’
ವಾಡಿಕೆಯಂತೆ.
ಆ ಪದವನ್ನು ಅವರು ಎರಡು ಸಲ ಅಂದರು,
ಬೇಸರಕ್ಕೋ ಹೆಮ್ಮೆಗೋ ತಿಳಿಯಲಿಲ್ಲ.
ಕೇಳೋಣ ಎನ್ನುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು.

ಪತ್ರ ತಿದ್ದಿದೆ. ಸಾವಿರದ ಇನ್ನೂರ ಇಪ್ಪತ್ತೊಂದು.
ಕೆಳಗೆ, ಯಾವ ಪಟ್ಟಿಯಲ್ಲೂ ಸಿಗದ ಒಂದು ಸಾಲು:
ಐರಿ ಕುಟ್ಟಪ್ಪ, ಅಮ್ಮತ್ತಿ ಸಂತೆಯ ಪಕ್ಕ.

ಪ್ರಾಂಶುಪಾಲರು ಆ ಸಾಲಿನ ಎದುರು
ಕೆಂಪು ಪೆನ್ನಿನಲ್ಲಿ ‘ಇವರು ಯಾರು?’ ಎಂದು ಗೀಚಿದ್ದಾರೆ.
ಶುಕ್ರವಾರದೊಳಗೆ ಅಚ್ಚಿಗೆ ಹೋಗಬೇಕು.
ಇವತ್ತು ಬುಧವಾರ.